ಕಾಫಿ ಚೆಲ್ಲಿದ ಏಳನೇ ಪುಟ

"ಡ್ರಾಯರ್ ತೆಗೀರಿ ಅಕ್ಕಾ."

"ಯಾಕ್ ತೆಗೀಬೇಕು? ನನ್ ಡ್ರಾಯರು, ನನ್ನಿಷ್ಟ."

ಟೈಪಿಂಗ್ ಅಕ್ಕ ಕುರ್ಚಿಯನ್ನು ಮುಂದೆಳೆದುಕೊಂಡು ಹೊಟ್ಟೆಯಿಂದಲೇ ಡ್ರಾಯರಿಗೆ ಬೀಗ ಜಡಿದಳು. ಅದರೊಳಗೆ ಫ್ಲಾಸ್ಕು, ಅರ್ಧ ಹೆಣೆದ ಸ್ವೆಟರು, ಬಿಸ್ಕತ್ತಿನ ಡಬ್ಬಿ, ತಲೆನೋವಿನ ಮುಲಾಮು ಎಲ್ಲ ಇರುವುದು ಇಡೀ ಕರಾರು ವಿಭಾಗಕ್ಕೆ ಗೊತ್ತಿದ್ದ ಗುಟ್ಟು. ಆದರೆ ಎದುರು ನಿಂತಿದ್ದ, ಕಚೇರಿಯವರೆಲ್ಲ ಭೂತಗನ್ನಡಿ ಎಂದು ಕರೆಯುವ ಸಹೋದ್ಯೋಗಿಗೆ ಈಗ ಬೇಕಾಗಿದ್ದುದು ಬಿಸ್ಕತ್ತಲ್ಲ.

"ಕೋಟು ಸಾಹೇಬ ಕಾಫಿ ಚೆಲ್ಲಿದ್ನಲ್ಲ, ಆ ಹಾಳೆ ಎಲ್ಲಿ ಹಾಕಿದ್ರಿ?"

"ಹಾಳಾದ ಹಾಳೆ ಎಲ್ಲಿಗೆ ಹೋಗತ್ತೆ? ಎಲ್ಲೋ ಹೋಯ್ತು."

"ನೀವು ಎಸೆಯೋ ಪೈಕಿನಾ ಅಕ್ಕಾ? ಹರಿದ ಕವರನ್ನೂ ಬಿಡಿಸಿ, ನೀವಿ, ಎತ್ತಿಡೋರು ನೀವು."

ಅಕ್ಕನ ಮುಖದಲ್ಲಿ ಹೆಮ್ಮೆಯೂ ಹೆದರಿಕೆಯೂ ಒಟ್ಟೊಟ್ಟಿಗೆ ಬಂದವು.

ವಿಷಯ ಇಷ್ಟೇ. ವಿಶ್ವವಿದ್ಯಾಲಯದ ಪ್ರೊಫೆಸರೊಬ್ಬರು ಬಡವರ ಕೈಗೆಟಕುವಂಥ ಕಿವಿಯಂತ್ರ ಕಂಡುಹಿಡಿದಿದ್ದರು. ಅದನ್ನು ತಯಾರಿಸಲು ವಿಶ್ವವಿದ್ಯಾಲಯ ಒಂದು ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತ್ತು. 'ಇದನ್ನು ತಯಾರಿಸುವ ಹಕ್ಕನ್ನು ವಿಶ್ವವಿದ್ಯಾಲಯವು ಬೇರೆಯವರಿಗೂ ಕೊಡಬಹುದು' ಎಂದಿದ್ದ ಹನ್ನೊಂದನೇ ಷರತ್ತು, ಸಹಿಯಾದ ಒಪ್ಪಂದದಲ್ಲಿ 'ಈ ಕಂಪನಿಗೆ ಮಾತ್ರ, ಎಂದೆಂದಿಗೂ' ಎಂದು ತಿರುಗಿ ಕೂತಿತ್ತು. ಕಂಪನಿಯ ಕೋಟು ಸಾಹೇಬ ಸಹಿ ಆಗಿದ್ದು ಆಯಿತು ಎಂದು ಕೈ ತೊಳೆದುಕೊಂಡ. ಗೂಬೆ ಕೂತಿದ್ದು ಕರಡು ಬರೆದ ಹಿರಿಯರ ಮೇಲೆ. ಕಚೇರಿ ಬಾಗಿಲು ಹಾಕುವುದರೊಳಗೆ ಬೇರೆ ಯಾರಾದರೂ ಕಳ್ಳರನ್ನು ತೋರಿಸದಿದ್ದರೆ ಅವರ ಕೈಗೆ ಅಮಾನತಿನ ಆದೇಶ ಕೊಡುವುದಾಗಿ ಕುಲಸಚಿವರು ಹೇಳಿಬಿಟ್ಟಿದ್ದರು.

ಆ ಹಿರಿಯರು ಅಲ್ಲೇ, ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕಾಲು ಚಾಚಿಕೊಂಡು ಯಾವುದೋ ರಾಗ ಗುನುಗುತ್ತಿದ್ದರು. ಹೊರಗೆ ಹುಡುಗರು ಚೆಂಡಾಡುತ್ತಿದ್ದರು. ಅವರ ಕಡೆ ಮುಖ ಮಾಡಿ ಕೂತಿದ್ದವರನ್ನು ನೋಡಿದರೆ ಅಮಾನತು ಇವರಿಗೋ, ಆಟದ ಚೆಂಡಿಗೋ ಎನ್ನುವಂತಿತ್ತು.

ಜೀವನವಿಡೀ ಕರಡು ಬರೆದದ್ದಕ್ಕೆ ಅವರಿಗೆ ಕರಡಿ ಸಾರ್ ಎಂಬ ಹೆಸರು. ಮೈಕಟ್ಟೂ ಆ ಹೆಸರಿಗೆ ಮೋಸ ಮಾಡುವಂತಿರಲಿಲ್ಲ. ಹಾಸ್ಟೆಲಿನ ಬಟ್ಟೆ ಒಗೆಯುವ ಯಂತ್ರದಿಂದ ಹಿಡಿದು ದೂರದರ್ಶಕದವರೆಗೆ ಈ ವಿಶ್ವವಿದ್ಯಾಲಯ ಮಾಡಿಕೊಂಡ ಕರಾರೆಲ್ಲ ಅವರ ಬಾಯಿಪಾಠ. ನಮ್ಮ ಭೂತಗನ್ನಡಿ ಹೊಸದಾಗಿ ಕೆಲಸಕ್ಕೆ ಸೇರಿದಾಗ, 'ನೋಡಮ್ಮಾ, ಅಗ್ರಿಮೆಂಟನ್ನ ಜಗಳ ಆಡೋಳ ಥರ ಓದು, ಮದುವೆ ಆಗೋಳ ಥರ ಓದಬೇಡ' ಎಂದು ಪಾಠ ಹೇಳಿಕೊಟ್ಟವರು ಅವರೇ. ಭೂತಗನ್ನಡಿ ಎಂಬ ಹೆಸರಿಟ್ಟವರೂ ಅವರೇ. ಮುಂದಿನ ತಿಂಗಳು ಅವರ ನಿವೃತ್ತಿ. ಹಾರ ಹಾಕಿಸಿಕೊಂಡು ಹೋಗಬೇಕಾದ ಮನುಷ್ಯ ಕಳ್ಳನೆಂಬ ಹೆಸರು ಹೊತ್ತು ಹೋಗುವುದನ್ನು ನೆನೆದರೆ ಅವಳ ಎದೆಯಲ್ಲಿ ಮುಳ್ಳಾಡಿಸಿದಂತೆ ಆಗುತ್ತಿತ್ತು.

"ಸಾರ್, ನೀವಾದ್ರೂ ಅಕ್ಕಂಗೆ ಹೇಳಿ" ಎಂದಳು.

"ಡ್ರಾಯರ್ ಹೆಂಗಸರ ವಿಷಯ. ನಾನು ಮೂಗು ತೂರಿಸಲ್ಲ" ಎಂದು ಕರಡಿ ಸಾರ್ ನಕ್ಕರು. ತಮಾಷೆಯ ಪ್ರಾಣಿ. ಇವತ್ತು ಬೆಳಿಗ್ಗೆ ಬಾಗಿಲ ಹಿಂದೆ ನೇತುಹಾಕಿದ್ದ ರೇನ್‌ಕೋಟಿಗೆ ಕೈಮುಗಿದು "ನಮಸ್ಕಾರ, ಬೇಗ ಬಂದ್ಬಿಟ್ರಲ್ಲ" ಎಂದು ಇಡೀ ಕಚೇರಿಯನ್ನು ನಗಿಸಿದ್ದರು. ಅಮಾನತಿನ ಕತ್ತಿ ತಲೆ ಮೇಲೆ ತೂಗುತ್ತಿದ್ದರೂ ಈ ಮನುಷ್ಯನಿಗೆ ಇಷ್ಟು ನಗು ಎಲ್ಲಿಂದ ಬರುತ್ತದೋ ಎಂದು ಅಕ್ಕ ಕಣ್ಣೊರೆಸಿಕೊಂಡಿದ್ದಳು.

ಅಷ್ಟರಲ್ಲಿ ಭೂತಗನ್ನಡಿಯ ಫೋನು ಬಡಿದುಕೊಂಡಿತು. ಗಂಡ. ವಿಶ್ವವಿದ್ಯಾಲಯದ ಗೇಟಿನ ಎದುರಿಗೇ ಅವನ ಕನ್ನಡಕದಂಗಡಿ.

"ಏನೇ ಪತ್ತೇದಾರಿಣಿ, ಸಿಕ್ಕಿದ್ನಾ ಕಳ್ಳ?"

"ರೀ, ಆಮೇಲ್ ಮಾತಾಡ್ತೀನಿ. ತಲೆ ಬಿಸಿ ಆಗಿದೆ."

"ಭಾನುವಾರ ಪೂರ್ತಿ ನೀನು ಲ್ಯಾಪ್‌ಟಾಪ್ ಮುಂದೆ ಕೂತಿದ್ದೆ, ಟೀ ಕೂಡ ನಾನೇ ಮಾಡ್ಕೊಟ್ಟೆ. ಇವತ್ತೂ ಹನ್ನೊಂದನೇ ಷರತ್ತು, ಹನ್ನೊಂದನೇ ಷರತ್ತು ಅಂತ ಕೂತ್ರೆ ಈ ಬಡಪಾಯಿ ಗಂಡನ ಗತಿ ಏನು?"

"ಅಯ್ಯೋ ಪಾಪ! ಏನ್ ಬೇಕೀಗ?"

"ಸಾಯಂಕಾಲ ಅಂಗಡಿ ಹತ್ರ ಬಾ. ಹೊಸ ಬೋರ್ಡು ಬಂದಿದೆ. ಬಟ್ಟೆ ಮುಚ್ಚಿ ಇಟ್ಟಿದೀನಿ. ನೀನು ಬರೋವರೆಗೂ ತೆಗೆಯಲ್ಲ. ನೋಡಿದ್ರೆ ಕುಣಿದಾಡ್ತೀಯ."

ಅವಳು ನಗುತ್ತ ಫೋನಿಟ್ಟಳು. ಮದುವೆಯಾಗಿ ಇಷ್ಟು ವರ್ಷವಾದರೂ ಈ ಗಂಡಸಿಗೆ ಸಣ್ಣ ಹುಡುಗರ ಹಾಗೆ ಬಚ್ಚಿಟ್ಟು ತೋರಿಸುವ ಚಟ ಹೋಗಿಲ್ಲ. ಅದು ಅವಳಿಗೆ ಇಷ್ಟವೇ ಆಗಿತ್ತು.

"ಅಕ್ಕಾ, ಇಲ್ಲಿ ಕೇಳಿ. ನಾವು ಜೋಡಿ ಓದು ಮಾಡಿದ್ದು ಸೋಮವಾರ ಬೆಳಿಗ್ಗೆ. ಹೌದಲ್ವಾ?"

ಜೋಡಿ ಓದು ಈ ವಿಭಾಗದ ಹಳೇ ಪದ್ಧತಿ. ಒಪ್ಪಂದ ಸಹಿಗೆ ಹೋಗುವ ಮುಂಚೆ ಇಬ್ಬರು ಎದುರುಬದುರು ಕೂರಬೇಕು. ಕೊನೆಯ ಅಚ್ಚುಪ್ರತಿಯನ್ನು ಒಬ್ಬರು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಕುಲಸಚಿವರು ಒಪ್ಪಿದ ಕರಡಿನ ಮೇಲೆ ಬೆರಳಿಟ್ಟು ಹಿಂಬಾಲಿಸಬೇಕು. ಎಲ್ಲಾದರೂ ಮಾತು ಬೇರೆಯಾದರೆ ಬೆರಳು ನಿಲ್ಲುತ್ತದೆ. ಪುಟ ಮುಗಿದ ತಕ್ಷಣ ಅಚ್ಚುಪ್ರತಿಯ ಕೆಳಮೂಲೆಯಲ್ಲಿ ಇಬ್ಬರದೂ ಚುಟುಕು ಸಹಿ. ಕಂಪ್ಯೂಟರಿನಲ್ಲೇ ಎಲ್ಲ ಹೋಲಿಸಿ ನೋಡಬಹುದು ಎಂದು ಹೊಸಬರು ಹೇಳಿದಾಗಲೆಲ್ಲ ಕರಡಿ ಸಾರ್, 'ಕಂಪ್ಯೂಟರಿಗೆ ನಾಚಿಕೆ ಇಲ್ಲ ಕಣಯ್ಯ, ಮನುಷ್ಯಂಗಿದೆ' ಎಂದು ಬಾಯಿ ಮುಚ್ಚಿಸುತ್ತಿದ್ದರು.

"ಸಾರ್ ಓದಿದ್ರು, ನಾನು ಬೆರಳಿಟ್ಟೆ. ಹನ್ನೊಂದನೇ ಷರತ್ತು ಸರಿಯಾಗೇ ಇತ್ತು. ನನ್ನ ಕಿವೀಲೇ ಕೇಳಿದೀನಿ" ಎಂದು ಅವಳು ಬೆರಳು ಮಡಿಸುತ್ತ ಹೇಳಿದಳು. "ಮಧ್ಯಾಹ್ನ ಸಹಿ ಹಾಕೋ ಹೊತ್ತಿಗೆ ಕೋಟು ಸಾಹೇಬ ಆ ಷರತ್ತಿದ್ದ ಏಳನೇ ಪುಟದ ಮೇಲೆ ಕಾಫಿ ಚೆಲ್ದ. ನೀವು ಆ ಪುಟ ಒಂದನ್ನೇ ಮತ್ತೆ ಪ್ರಿಂಟ್ ತೆಗೆದ್ರಿ. ಬೆಳಿಗ್ಗೆ ಓದಿದ್ದೇ ಅಲ್ವಾ ಅಂತ ನಾನೂ ಸಾರೂ ಓದದೇ ಸಹಿ ಗೀಚಿದ್ವಿ."

"ಯಾವಾಗ್ಲೂ ಹಂಗೇ ಅಲ್ವಾ ಮಾಡೋದು?"

"ಅದೇ ನಮ್ಮ ತಪ್ಪು. ಬೆಳಿಗ್ಗೆಗೂ ಮಧ್ಯಾಹ್ನಕ್ಕೂ ಮಧ್ಯೆ ಯಾರೋ ಕಂಪ್ಯೂಟರಲ್ಲಿ ಷರತ್ತು ತಿದ್ದಿದಾರೆ. ಕಾಫಿ ಚೆಲ್ಲಿದ್ದು ಬೇಕಂತಲೇ. ಆ ಹಳೇ ಹಾಳೇಲಿ ಸರಿಯಾದ ಷರತ್ತು, ಕೆಳಗೆ ನಮ್ಮಿಬ್ಬರ ಸಹಿ ಇದ್ದರೆ ಸಾಕು. ಕುಲಸಚಿವರ ಮುಂದೆ ಇಡ್ತೀನಿ. ಸಾರ್ ಬಚಾವು, ಕೋಟು ಸಾಹೇಬನ ಕಥೆ ಮುಗೀತು."

ಟೈಪಿಂಗ್ ಅಕ್ಕ ಕರಡಿ ಸಾರ್ ಕಡೆ ನೋಡಿದಳು. ಅವರ ಗುನುಗು ನಿಂತಿತ್ತು. ಅಕ್ಕ ಕುರ್ಚಿಯನ್ನು ಹಿಂದೆ ತಳ್ಳಿ ಡ್ರಾಯರು ಎಳೆದಳು.

"ಬೈಬಾರದು ಮತ್ತೆ. ಫ್ಲಾಸ್ಕು ಸೋರತ್ತೆ ಅಂತ ಕೆಳಗೆ ಹಾಸಿದೀನಿ. ಹೇಗೂ ಕಾಫಿ ಕುಡಿದ ಹಾಳೆ, ಇನ್ನೊಂದಿಷ್ಟು ಕುಡೀಲಿ ಅಂತ."

ಭೂತಗನ್ನಡಿ ಫ್ಲಾಸ್ಕನ್ನು ಮಗುವಿನಂತೆ ಎತ್ತಿ ಪಕ್ಕಕ್ಕಿಟ್ಟಳು. ಹಾಳೆ ಡ್ರಾಯರಿನ ತಳಕ್ಕೆ ಮೆತ್ತಗೆ ಅಂಟಿಕೊಂಡಿತ್ತು. ಉಗುರಿನಿಂದ ಮೂಲೆ ಬಿಡಿಸಿ, ಉಸಿರು ಬಿಗಿಹಿಡಿದು ಎತ್ತಿದಳು. ಕಂದು ಕಲೆ ಅರ್ಧ ಪುಟ ನುಂಗಿದ್ದರೂ ಅಕ್ಷರಗಳು ಗಟ್ಟಿಯಾಗಿ ನಿಂತಿದ್ದವು. ಕೆಳಮೂಲೆಯಲ್ಲಿ ಎರಡು ಸಹಿ, ಒಂದು ಅವಳದು, ಒಂದು ಕರಡಿ ಸಾರ್‌ದು. ಅವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು.

"ಸಿಕ್ತು! ಅಕ್ಕಾ, ನಿಮ್ಮ ಜಿಪುಣತನಕ್ಕೆ ಜೈ!"

ಕಿಟಕಿಯ ಬೆಳಕಿಗೆ ಹಿಡಿದು ಹನ್ನೊಂದನೇ ಷರತ್ತಿಗೆ ಕಣ್ಣಿಟ್ಟಳು.

'ಈ ಕಂಪನಿಗೆ ಮಾತ್ರ, ಎಂದೆಂದಿಗೂ.'

ಅವಳು ಮತ್ತೊಮ್ಮೆ ಓದಿದಳು. ಅಕ್ಷರ ಬದಲಾಗಲಿಲ್ಲ.

"ಏನಾಯ್ತೇ?" ಎಂದಳು ಅಕ್ಕ.

"ಏನಿಲ್ಲ ಅಕ್ಕಾ, ಕಲೆ ಜಾಸ್ತಿ ಇದೆ, ಓದಕ್ಕಾಗ್ತಿಲ್ಲ. ನೀವು ಹೋಗಿ ಟೀ ಕುಡ್ಕೊಂಡ್ ಬನ್ನಿ. ಫ್ಲಾಸ್ಕಿಂದಲ್ಲ, ಕ್ಯಾಂಟೀನಿಂದ. ನನ್ನ ಲೆಕ್ಕ."

ಬಿಟ್ಟಿ ಟೀ ಎಂದ ಮೇಲೆ ಅಕ್ಕನಿಗೆ ಎರಡನೇ ಮಾತು ಬೇಕಿರಲಿಲ್ಲ. ಅವಳ ಚಪ್ಪಲಿ ಸದ್ದು ಮೆಟ್ಟಿಲಿಳಿಯಿತು.

ಭೂತಗನ್ನಡಿ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಕಾಫಿ ಚೆಲ್ಲುವ ಮುಂಚೆಯೇ, ಬೆಳಿಗ್ಗೆಯೇ, ಓದುವ ಹೊತ್ತಿನಲ್ಲೇ ಷರತ್ತು ಬದಲಾಗಿತ್ತು. ಪಾಪದ ಕೋಟು ಸಾಹೇಬ ಬರೀ ಕೈ ಜಾರಿದ ಮನುಷ್ಯ. ಈ ಹಾಳೆಯನ್ನು ಕೈಯಲ್ಲಿ ಹಿಡಿದು, ಇದರಲ್ಲಿ ಇಲ್ಲದ ಮಾತನ್ನು ಗಟ್ಟಿಯಾಗಿ ಓದಿ ಅವಳ ಕಿವಿಗೆ ಹೂವಿಟ್ಟವರು ಬೇರೆ. ಕರಡಿ ಸಾರ್ ಅವರನ್ನು ಉಳಿಸಲು ಹುಡುಕಿದ ಹಾಳೆ ಅವರನ್ನೇ ನುಂಗಲು ಬಾಯಿ ತೆರೆದಿತ್ತು.

ಹಾಳೆಯನ್ನು ಮತ್ತೆ ಫ್ಲಾಸ್ಕಿನ ಕೆಳಗೆ ಹಾಸಿಬಿಡೋಣವೇ ಎಂದು ಒಂದು ಗಳಿಗೆ ಅವಳಿಗೆ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಆಗ ನೆನಪಾಯಿತು. ಸೋಮವಾರ ಓದುವಾಗ ಕರಡಿ ಸಾರ್ ಗಲ್ಲ ಮೇಲೆತ್ತಿಕೊಂಡು ಓದುತ್ತಿದ್ದರು. ಒಂದು ಕಡೆ ಪುಟ ತಿರುಗಿಸುವ ಮುಂಚೆಯೇ ಮುಂದಿನ ಪುಟದ ಸಾಲು ಶುರುಮಾಡಿದ್ದರು. 'ಏನ್ ನೆನಪು ಸಾರ್ ನಿಮ್ದು' ಎಂದು ಅವಳೇ ಹೊಗಳಿದ್ದಳು.

ಅವಳು ಮೇಜಿನ ಮೇಲಿದ್ದ ಒಂದು ಹಾಳೆ ಎತ್ತಿಕೊಂಡು ಕಿಟಕಿಯ ಬಳಿಗೆ ನಡೆದಳು. ಕಾಫಿ ಹಾಳೆಯಲ್ಲ, ಬೇರೆ.

"ಸಾರ್, ಹಾಳೆ ಸಿಕ್ತು. ಹನ್ನೊಂದನೇ ಷರತ್ತು ಒಂದ್ಸಲ ನಿಮ್ಮ ಬಾಯಲ್ಲೇ ಓದ್ಬಿಡಿ. ನಂಗೆ ಧೈರ್ಯ ಬರತ್ತೆ."

"ಕೊಡು, ಅದಕ್ಕೇನಂತೆ."

ಕರಡಿ ಸಾರ್ ಕನ್ನಡಕ ಏರಿಸಿದರು. ಗಂಟಲು ಸರಿಮಾಡಿಕೊಂಡರು. ಗಲ್ಲ ಮೇಲೆತ್ತಿದರು.

"ಹನ್ನೊಂದು. ಸದರಿ ಯಂತ್ರವನ್ನು ತಯಾರಿಸುವ ಹಕ್ಕನ್ನು ವಿಶ್ವವಿದ್ಯಾಲಯವು ತನಗೆ ಸೂಕ್ತವೆಂದು ತೋರಿದ ಇತರರಿಗೂ ಕೊಡಬಹುದು. ಇದಕ್ಕೆ ಕಂಪನಿಯು ಯಾವುದೇ ತಕರಾರು ಮಾಡತಕ್ಕದ್ದಲ್ಲ." ಎಲ್ಲೂ ಎಡವದೆ, ನೀರು ಹರಿದ ಹಾಗೆ. "ನೋಡು! ಸರಿಯಾಗೇ ಇದೆಯಲ್ಲ! ಓಡು, ಕುಲಸಚಿವರಿಗೆ ತೋರ್ಸು."

"ಸಾರ್."

"ಏನಮ್ಮಾ?"

"ಅದು ಹಾಸ್ಟೆಲಿನ ಬಟ್ಟೆ ಒಗೆಯೋ ಮಿಷೀನಿನ ಅಗ್ರಿಮೆಂಟು."

ಹೊರಗೆ ಯಾರೋ ಚೆಂಡನ್ನು ಜೋರಾಗಿ ಒದ್ದರು. ಹುಡುಗರು ಹೋ ಎಂದು ಕೂಗಿದರು. ಕರಡಿ ಸಾರ್ ಹಾಳೆಯನ್ನು ಮೂಗಿಗೆ ತಾಗುವಷ್ಟು ಹತ್ತಿರ ತಂದರು, ದೂರ ಹಿಡಿದರು, ಮತ್ತೆ ಹತ್ತಿರ ತಂದರು. ಆಮೇಲೆ ಮಡಿಲಿಗೆ ಇಳಿಸಿದರು.

"ಮಿಷೀನಿಗೂ ಆ ಷರತ್ತು ಚೆನ್ನಾಗೇ ಒಪ್ಪತ್ತೆ" ಎಂದರು. ನಗಲು ನೋಡಿದರು, ಆಗಲಿಲ್ಲ.

"ಎಷ್ಟು ದಿನದಿಂದ ಸಾರ್?"

"ಬೇಸಿಗೆಯಿಂದ. ಮಂಜು ಮಂಜು. ಪೊರೆ ಬಂದಿದೆಯಂತೆ. ತೆಗೆಸಿದ್ರೆ ಕಾಣತ್ತಂತೆ. ಆದರೆ ಕಣ್ಣಿಗೆ ಕತ್ತರಿ ಹಾಕಿಸ್ಕೊಳ್ಳೋದು ಅಂದ್ರೆ ನಂಗೆ ಕೈಕಾಲು ತಣ್ಣಗಾಗತ್ತೆ ಕಣಮ್ಮ. ರಿಟೈರ್ ಆದ್ಮೇಲೆ ನೋಡೋಣ ಅಂತಿದ್ದೆ."

"ಹಾಗಾದ್ರೆ ಬೆಳಿಗ್ಗೆ ಆ ರೇನ್‌ಕೋಟು..."

"ನಿಜವಾಗ್ಲೂ ಡೀನ್ ಸಾಹೇಬ್ರು ಅಂದ್ಕೊಂಡೆ. ನೀವೆಲ್ಲ ನಕ್ಕಿದ್ದಕ್ಕೆ ನಾನೂ ನಕ್ಕೆ."

ಭೂತಗನ್ನಡಿಗೆ ನಗು ಬಂತು. ನಗುತ್ತಲೇ ಕಣ್ಣು ತುಂಬಿತು. ಅಬ್ಬಾ, ಇವರು ಕಳ್ಳರಲ್ಲ! ಎದೆಯ ಮೇಲಿನ ಕಲ್ಲು ಇಳಿದಂತಾಗಿ ಅವಳು ಅಲ್ಲೇ ಮೇಜಿನ ತುದಿಗೆ ಕೂತಳು. ಮರುಕ್ಷಣವೇ ಸಿಟ್ಟು ಉಕ್ಕಿತು.

"ಹೇಳ್ಬಾರ್ದಾ ಸಾರ್? ನಾನು ಓದ್ತಿದ್ದೆ, ನೀವು ಕೇಳಬಹುದಿತ್ತು. ಕಳ್ಳ ಅಂತ ಹೆಸರು ಹೊತ್ಕೊಂಡು ಸುಮ್ನೆ ಕೂತಿದೀರಲ್ಲ, ನಿಮಗೇನು ಹುಚ್ಚಾ?"

"ಕಳ್ಳ ಅಂದ್ರೆ ಇಲ್ಲಿ ಯಾರೂ ನಂಬಲ್ಲ ಕಣಮ್ಮ. ಕರಡಿಗೆ ಓದಕ್ಕೇ ಆಗಲ್ಲ ಅಂದ್ರೆ ಎಲ್ರೂ ನಂಬ್ತಾರೆ." ಅವರು ಹಾಳೆಯ ಅಂಚನ್ನು ಬೆರಳಲ್ಲಿ ಸವರಿದರು. "ನಾನು ಬರೆದ ಕರಡು ನಂಗೆ ಬಾಯಿಪಾಠ. ಅಚ್ಚಾದ ಹಾಳೆ ಅದರ ಥರಾನೇ ಇರತ್ತೆ ಅಂದ್ಕೊಂಡು ಹೇಳ್ತಾ ಹೋದೆ. ನಂಬಿದ್ದು ನನ್ನ ತಪ್ಪು."

ಅವಳು ಎದ್ದು ಓಡಾಡತೊಡಗಿದಳು. ತಲೆ ಈಗ ಚುರುಕಾಗಿ ಓಡುತ್ತಿತ್ತು.

"ಅಂದ್ರೆ ತಿದ್ದಿದವನಿಗೆ ಒಂದು ವಿಷಯ ಗೊತ್ತಿತ್ತು. ಜೋಡಿ ಓದಲ್ಲಿ ಸಿಕ್ಕಿಬೀಳಲ್ಲ ಅಂತ ಗೊತ್ತಿತ್ತು. ನೀವು ಓದಲ್ಲ, ಬಾಯಿಪಾಠ ಒಪ್ಪಿಸ್ತೀರಿ ಅಂತ ಗೊತ್ತಿತ್ತು. ಯಾರಿಗ್ ಹೇಳಿದ್ರಿ ಸಾರ್?"

"ಯಾರಿಗೂ ಇಲ್ಲ."

"ಮನೇಲಿ?"

"ಮಗಳಿಗೆ ಗೊತ್ತಾದ್ರೆ ಅವತ್ತೇ ಎತ್ತಾಕ್ಕೊಂಡು ಆಸ್ಪತ್ರೆಗೆ ಹೋಗ್ತಾಳೆ. ಹೇಳ್ತೀನಾ?"

"ಅಕ್ಕಂಗೆ?"

"ಅವಳಿಗೆ ಹೇಳೋದೂ ಒಂದೇ, ಗೋಪುರದ ಮೇಲೆ ನಿಂತು ಕೂಗೋದೂ ಒಂದೇ."

"ಪೊರೆ ಅಂತ ಯಾರು ಹೇಳಿದ್ರು ಮತ್ತೆ? ನೀವೇ ಕಂಡುಹಿಡಿದ್ರಾ?"

ಕರಡಿ ಸಾರ್ ಕೆಮ್ಮಿದರು, ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು, ಮತ್ತೆ ಹಾಕಿಕೊಂಡರು.

"ಸಾರ್, ಹೊತ್ತಿಲ್ಲ. ಹೇಳಿ."

"ಯಾರ ಹತ್ರಾನೂ ಬಾಯಿ ಬಿಡಬೇಡಿ ಅಂತ ಅವರ ಕೈಯಲ್ಲಿ ಆಣೆ ಹಾಕಿಸ್ಕೊಂಡಿದ್ದೆ. ನಿಂಗೂ ಹೇಳಬೇಡಿ ಅಂದಿದ್ದೆ. ಅದಕ್ಕೇ ಹೇಳಿರಲ್ಲ ಪಾಪ. ಬೈಬೇಡ ಅವರಿಗೆ. ಬಾಯಿಪಾಠದಿಂದ ಕೆಲಸ ತೂಗಿಸ್ತಿದೀನಿ ಅಂದಾಗ ಎಷ್ಟು ನಕ್ರು ಗೊತ್ತಾ, ಭೇಷ್ ಅಂದ್ರು."

"ಯಾರು ಸಾರ್?"

"ನಿಮ್ಮ ಯಜಮಾನ್ರು ಕಣಮ್ಮ. ಕನ್ನಡಕದಂಗಡೀಲಿ."

ಅವಳು ನಿಂತಲ್ಲೇ ನಿಂತಳು.

ಛೇ, ಅದರಲ್ಲೇನಿದೆ ಎಂದುಕೊಂಡಳು. ಕಣ್ಣು ಪರೀಕ್ಷೆ ಮಾಡುವವನಿಗೆ ಕಣ್ಣಿನ ವಿಷಯ ಗೊತ್ತಾಗದೆ ಇನ್ನೇನು? ಆದರೆ ಫೋನಿನ ಮಾತು ಕಿವಿಯಲ್ಲಿ ಗುಂಯ್‌ಗುಟ್ಟಿತು. ಹನ್ನೊಂದನೇ ಷರತ್ತು, ಹನ್ನೊಂದನೇ ಷರತ್ತು. ಕಚೇರಿಯಲ್ಲಿ ಒಂದು ಕರಾರಿನ ಗಲಾಟೆ, ಕಳ್ಳನನ್ನು ಹುಡುಕಬೇಕು ಎಂದಷ್ಟೇ ಅವಳು ಮನೆಯಲ್ಲಿ ಹೇಳಿದ್ದು. ಎಷ್ಟನೇ ಷರತ್ತು ಎಂದು ಬಾಯಿ ಬಿಟ್ಟಿರಲಿಲ್ಲ.

ಭಾನುವಾರ ಪುಟದ ಅಂಚು ಸರಿಮಾಡಲು ಫೈಲನ್ನು ಮನೆಗೆ ತಂದವಳು ಅವಳೇ. ಊಟವಾದ ಮೇಲೆ ಲ್ಯಾಪ್‌ಟಾಪ್ ತೆರೆದಿಟ್ಟುಕೊಂಡೇ ಸೋಫಾದ ಮೇಲೆ ತೂಕಡಿಸಿದ್ದಳು. ಎಚ್ಚರವಾದಾಗ ಪಕ್ಕದಲ್ಲಿ ಬಿಸಿಬಿಸಿ ಟೀ ಇತ್ತು. ಎಂಥಾ ಗಂಡ ಎಂದು ಆಗ ಮನಸ್ಸು ಉಬ್ಬಿತ್ತು. ಸೋಮವಾರ ಬೆಳಿಗ್ಗೆ ಆ ಫೈಲನ್ನೇ ಅಕ್ಕ ಪ್ರಿಂಟ್ ತೆಗೆದದ್ದು.

"ಎಲ್ಲಿಗೇ ಹೊರಟೆ?" ಎಂದರು ಕರಡಿ ಸಾರ್.

"ಒಂದು ಬೋರ್ಡು ನೋಡ್ಕೊಂಡ್ ಬರ್ತೀನಿ ಸಾರ್. ನೀವು ಇಲ್ಲೇ ಇರಿ. ರೇನ್‌ಕೋಟ್ ಏನಾದ್ರೂ ಕೇಳಿದ್ರೆ ಉತ್ತರ ಕೊಡಬೇಡಿ."

ಕಾಫಿ ಹಾಳೆಯನ್ನು ಮಡಿಸಿ ಕೈಚೀಲಕ್ಕೆ ತುರುಕಿ ಮೆಟ್ಟಿಲಿಳಿದಳು. ಗ್ರಂಥಾಲಯದ ಮುಂದೆ ಹಾದಳು, ಸೈಕಲ್ ಸ್ಟ್ಯಾಂಡಿನ ನಡುವೆ ನುಗ್ಗಿದಳು. ದಾರಿಯುದ್ದಕ್ಕೂ ಒಂದೇ ಹರಕೆ, ಬಟ್ಟೆಯ ಹಿಂದೆ ಬರೀ ಕನ್ನಡಕದ ಚಿತ್ರ ಇರಲಪ್ಪಾ, ಬರೀ ಕನ್ನಡಕದ ಚಿತ್ರ ಇರಲಿ.

ಗಂಡ ಅಂಗಡಿಯ ಮುಂದೆ ಏಣಿ ಹತ್ತಿ ನಿಂತಿದ್ದ. ತಲೆ ಬಾಚಿಕೊಂಡಿದ್ದ. ಅವಳನ್ನು ಕಂಡದ್ದೇ ಮುಖ ಅರಳಿತು.

"ಬಂದ್ಯಾ! ಇಷ್ಟ್ ಬೇಗ! ಕಣ್ಮುಚ್ಚು, ಕಣ್ಮುಚ್ಚು!"

ಅವಳು ಕಣ್ಣು ಮುಚ್ಚಲಿಲ್ಲ. ಅವನು ಬಟ್ಟೆ ಎಳೆದ.

ನೀಲಿ ಬೋರ್ಡು, ದಪ್ಪ ಹಳದಿ ಅಕ್ಷರ. 'ಕಿವಿಮಾತು. ಊರಿಗೆಲ್ಲ ಇದೊಂದೇ ಅಂಗಡಿಯಲ್ಲಿ.'

'ಕಿವಿಮಾತು' ಎಂಬುದು ಪ್ರೊಫೆಸರು ತಮ್ಮ ಯಂತ್ರಕ್ಕೆ ಇಟ್ಟ ಹೆಸರು. ಬಿಡುಗಡೆಯಾಗುವ ತನಕ ಆ ಹೆಸರು ಹೊರಗೆ ಹೋಗಕೂಡದು ಎಂಬ ಷರತ್ತನ್ನು ಸ್ವತಃ ಬರೆದವಳು ಅವಳು. ಅದು ಇದ್ದದ್ದು ಒಪ್ಪಂದದ ಹಾಳೆಗಳಲ್ಲಿ ಮಾತ್ರ.

"ಹೆಂಗಿದೆ? ಈ ಊರಿಗೆ ಕಂಪನಿ ಏಜೆನ್ಸಿ ನಂಗೊಬ್ಬಂಗೇ! ಇನ್ಮೇಲೆ ಕಣ್ಣೂ ನಂದೇ, ಕಿವೀನೂ ನಂದೇ!" ಅವನು ಏಣಿಯ ಮೇಲಿಂದ ಎರಡೂ ಕೈ ಚಾಚಿದ. ಅವನ ನಗುವಿನಲ್ಲಿ ಕಳ್ಳತನದ ಸುಳಿವೇ ಇರಲಿಲ್ಲ. ಅದೇ ಅವಳನ್ನು ಹೆದರಿಸಿತು.

ಕೈಚೀಲದಲ್ಲಿ ಫೋನು ಬಡಿದುಕೊಂಡಿತು. ಕುಲಸಚಿವರು.

"ಮೇಡಂ, ಬಾಗಿಲು ಹಾಕೋ ಹೊತ್ತಾಯ್ತು. ಕರಡಿ ಸಾರ್ ಆರ್ಡರ್ ನನ್ನ ಮೇಜಿನ ಮೇಲಿದೆ, ಪೆನ್ನು ಕೈಯಲ್ಲಿದೆ. ಬೇರೆ ಹೆಸರು ಏನಾದ್ರೂ ಸಿಕ್ತಾ, ಇಲ್ಲ ಸಹಿ ಹಾಕ್ಲಾ?"

ಅವಳು ಏಣಿಯ ಕಡೆ ನೋಡಿದಳು. ಗಂಡ ಅಂಗಿಯ ತೋಳಿನಿಂದ ಬೋರ್ಡಿನ ಮೂಲೆಯ ಧೂಳು ಒರೆಸುತ್ತಿದ್ದ.

"ಸಹಿ ಹಾಕಬೇಡಿ ಸಾರ್" ಎಂದಳು. "ಹೆಸರು ಸಿಕ್ತು."

ಒರೆಸುತ್ತಿದ್ದ ಕೈ ಅಲ್ಲೇ ನಿಂತಿತು.

"ಯಾರ ಹೆಸರೇ?" ಎಂದು ಏಣಿಯ ಮೇಲಿಂದ ಕೇಳಿದ ಗಂಡ.